ವೆಬ್‌ಸೈಟಿನ ವಿದ್ಯಾರ್ಥಿನಿ

ಆ ಫೋಟೋದಲ್ಲಿ ದೊರೆಸಾನಿ ನಗುತ್ತಿದ್ದಾಳೆ. ಅದರಲ್ಲಿ ನಿಜವಾದದ್ದು ಆ ನಗು ಒಂದೇ.

ಮೈಮೇಲಿನ ಸಮವಸ್ತ್ರ ಶಾಲೆಯ ಕಪಾಟಿನದು. ಫೋಟೋ ಮುಗಿದ ಕೂಡಲೇ ಬಿಚ್ಚಿಸಿಕೊಂಡರು. ಗಾಲಿಕುರ್ಚಿ ಶಾಲೆಯ ಯಜಮಾನರ ತಾಯಿಯದು. ಅದು ವಾಪಸು ಬರುವವರೆಗೆ ಆ ಮುದುಕಿ ಹಾಸಿಗೆ ಬಿಟ್ಟು ಏಳಲಾಗದೆ ಬಯ್ಯುತ್ತ ಬಿದ್ದಿದ್ದಳಂತೆ. ಕುರ್ಚಿ ನಿಂತಿರುವ ಸಿಮೆಂಟಿನ ಇಳಿಜಾರು ಇನ್ನೂ ಸರಿಯಾಗಿ ಒಣಗಿರಲಿಲ್ಲ. ತರಗತಿಗಳ ಕಡೆ ಹೋಗಲು ಮೆಟ್ಟಿಲೇ ಗತಿ. ಇಳಿಜಾರು ಹತ್ತುವುದು ಪೊರಕೆ, ಬಕೆಟ್ಟು, ಫಿನಾಯಿಲು ಇಡುವ ಕೋಣೆಗೆ. ಗಾರೆಯವನಿಗೆ ಅಲ್ಲಿ ಜಾಗ ಸಿಕ್ಕಿತು, ಅಲ್ಲಿ ಹಾಕಿದ. ಫೋಟೋದಲ್ಲಿ ಬಾಗಿಲು ಕಾಣುತ್ತದೆ. ಬಾಗಿಲ ಹಿಂದೆ ಏನಿದೆ ಎಂದು ಯಾರಿಗೆ ಕಾಣಬೇಕು?

ಆ ಕೋಣೆಯ ಬೀಗದ ಕೈ ಇದ್ದದ್ದು ದೊರೆಸಾನಿಯ ತಾಯಿಯ ಹತ್ತಿರ. ಅವಳು ಆ ಶಾಲೆಯ ಆಯಾ. ಮಕ್ಕಳು ಬರುವ ಮೊದಲೇ ಗುಡಿಸಿ ಒರೆಸಬೇಕು. ಬಂದ ಮೇಲೆ ಕಕ್ಕಸು ತೊಳೆಯುತ್ತಲೇ ಇರಬೇಕು. ಚಿಕ್ಕ ಮಕ್ಕಳು ವಾಂತಿ ಮಾಡಿಕೊಂಡರೆ ಬಾಚಬೇಕು. ಆಸಿಡ್ಡು ಮುಟ್ಟಿ ಮುಟ್ಟಿ ಅವಳ ಬೆರಳ ಸಂದುಗಳು ಬಿರುಕು ಬಿಟ್ಟಿದ್ದವು. ಊಟಕ್ಕೆ ಕೂತರೆ ಉಪ್ಪು ಸೇರಿ ಉರಿಯುತ್ತಿತ್ತು. ಒಮ್ಮೆ ಕೈಗವಸು ಕೇಳಿದ್ದಕ್ಕೆ ಆಫೀಸಿನವರು, "ಮದುವೆ ಹೆಣ್ಣು ನೋಡ್ರಪ್ಪಾ, ಕೈ ಕೆಡುತ್ತಂತೆ" ಎಂದು ನಕ್ಕಿದ್ದರು. ಆಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ. ಮಗಳಿಗೆ ಶಾಲೆ.

ದೊರೆಸಾನಿ ಅನ್ನುವುದು ಹುಡುಗಿಗೆ ಅಜ್ಜಿ ಇಟ್ಟ ಅಡ್ಡಹೆಸರು. ಹುಟ್ಟಿದಾಗಿನಿಂದ ಹುಡುಗಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಡಾಕ್ಟರು ಕೈಚೆಲ್ಲಿದ ದಿನ ಇಬ್ಬರು ಹೆಂಗಸರೂ ಅತ್ತರು. ಅತ್ತು ಮುಗಿದ ಮೇಲೆ ಅಜ್ಜಿ ಮೂಗು ಸೀಟಿ, "ಬಿಡು, ಇದು ದೊರೆಸಾನಿ. ನೆಲಕ್ಕೆ ಕಾಲಿಡೋದಿಲ್ಲ. ಹೊರೋಕೆ ಆಳು ನೀನಿದ್ದೀಯಲ್ಲ" ಎಂದಳು. ಅವಳ ಮಗ, ಅಂದರೆ ಆಯಾಳ ಗಂಡ, ಆ ಹೊತ್ತಿಗಾಗಲೇ ಇನ್ನೊಬ್ಬಳ ಮನೆ ಸೇರಿದ್ದ. ಮಗ ಕರೆದರೂ ಮುದುಕಿ ಅವನ ಹಿಂದೆ ಹೋಗಲಿಲ್ಲ. ಸೊಸೆಯ ಜೊತೆಗೇ ಉಳಿದಳು. ಉಳಿದದ್ದಕ್ಕೆ ದಿನವೂ ಸೊಸೆಯನ್ನು ಬಯ್ಯುತ್ತಿದ್ದಳು.

ಹೊತ್ತು ಹೊತ್ತು ಆಯಾಳ ಎಡಸೊಂಟ ಒಂದು ಕಡೆಗೆ ವಾಲಿತ್ತು. ಬರಿಗೈಯಲ್ಲಿ ನಡೆಯುವಾಗಲೂ ಯಾರನ್ನೋ ಎತ್ತಿಕೊಂಡವಳ ಹಾಗೆ ನಡೆಯುತ್ತಿದ್ದಳು.

ಹೋದ ವರ್ಷ ತರಗತಿಗಳು ಶುರುವಾಗುವಾಗ ಅವಳು ಮುಖ್ಯೋಪಾಧ್ಯಾಯಿನಿಯ ಕೋಣೆಯ ಹೊರಗೆ ಹೋಗಿ ನಿಂತಳು. ಎಲ್ಲರೂ ಆಕೆಯನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ದೊಡ್ಡ ಮೇಡಂ ಕೂಗಾಡುವವರಲ್ಲ. ತುಂಬ ಮೆತ್ತಗೆ ಮಾತಾಡುತ್ತಿದ್ದರು. ಹಿಂದೆ ಇದ್ದ ಆಯಾ ಯಾರೋ ಪೋಷಕರ ಹತ್ತಿರ, ಕುಡಿಯುವ ನೀರಿನಲ್ಲಿ ಹುಳ ಬರ್ತಿದೆ ಅಂದಿದ್ದಳು. ಅವಳನ್ನೂ ಮೆತ್ತಗೆ ಕರೆದು, ಮೆತ್ತಗೆ ಮಾತಾಡಿಸಿ, ಮರುದಿನ ಅವಳ ಬಕೆಟ್ಟನ್ನು ಇವಳ ಕೈಗೆ ಕೊಟ್ಟಿದ್ದರು. ಆ ಬಕೆಟ್ಟು ಹಿಡಿದಾಗೆಲ್ಲ ಇವಳಿಗೆ ಒಳಗೊಳಗೇ ಅಳುಕು. ಇದನ್ನು ಇನ್ನೊಬ್ಬಳ ಕೈಗೆ ಕೊಡಲು ಎಷ್ಟು ಹೊತ್ತು ಬೇಕು?

"ಅಯ್ಯೋ, ಪಾಪ," ಎಂದಿದ್ದರು ದೊಡ್ಡ ಮೇಡಂ. "ಆದ್ರೆ ಅಂಥ ಮಕ್ಕಳಿಗೆ ನಮ್ಮಲ್ಲಿ ಸೌಲಭ್ಯ ಇಲ್ಲಮ್ಮ. ಇಳಿಜಾರಿಲ್ಲ, ಬೇರೆ ಕಕ್ಕಸಿಲ್ಲ. ಬಿದ್ದುಗಿದ್ದು ಏನಾದ್ರೂ ಆದ್ರೆ? ಅವಳ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ನಾನೇ ಇರ್ತೀನಲ್ಲ ಮೇಡಂ. ಎತ್ತಿ ಕೂರಿಸ್ತೀನಿ. ಎತ್ತಿ ಇಳಿಸ್ತೀನಿ."

"ನೀನು ಕೆಲಸ ಮಾಡ್ತೀಯೋ, ಮಗಳನ್ನ ಹೊರ್ತೀಯೋ?"

ಅಷ್ಟೇ. ಇನ್ನೊಂದು ಶಾಲೆ ಬಸ್ಸು ಹತ್ತಿ ಹೋಗುವಷ್ಟು ದೂರ. ಬಸ್ಸಿನವನು ಇವರನ್ನು ಕಂಡರೆ ನಿಲ್ಲಿಸದೆ ಹೋಗುತ್ತಿದ್ದ.

ಹುಡುಗಿ ಮನೆಯಲ್ಲೇ ಓದಲು ಕಲಿತಳು. ಶಾಲೆಯ ಕಸದಲ್ಲಿ ಬರುವ ಹಳೆಯ ನೋಟುಪುಸ್ತಕಗಳನ್ನು ಆಯಾ ಆರಿಸಿ ತರುತ್ತಿದ್ದಳು. ಯಾರ್ಯಾರದೋ ಬರಹ, ಯಾರ್ಯಾರದೋ ತಪ್ಪು, ಪುಟದ ಕೊನೆಗೆ ಟೀಚರು ಹಾಕಿದ ಕೆಂಪು ಗುರುತು. ಹಾಲು ಕೊಡಲು ಬರುತ್ತಿದ್ದ ಪಕ್ಕದ ಮನೆಯ ಹೆಂಗಸು ಅಕ್ಷರ ತೋರಿಸಿಕೊಟ್ಟಳು. ಉಳಿದದ್ದನ್ನು ದೊರೆಸಾನಿ ತಾನೇ ಕುಕ್ಕಿ ಕುಕ್ಕಿ ಹಿಡಿದಳು. ಕೆಂಪು ಗುರುತೂ ಬರಹದ ಒಂದು ಭಾಗ ಅಂತಲೇ ಅವಳು ತಿಳಿದಿದ್ದಳು. ಒಂದು ಪುಟ ಬರೆದರೆ ಕೆಳಗೆ ತಾನೇ ಕೆಂಪು ಪೆನ್ನಿನಲ್ಲಿ ಸರಿ ಗುರುತು ಎಳೆದು, ಟೀಚರ ಸಹಿಯ ಹಾಗೆ ಒಂದು ಸೊಟ್ಟ ಗೆರೆ ಗೀಚುತ್ತಿದ್ದಳು. ಅದಿಲ್ಲದಿದ್ದರೆ ಬರೆದದ್ದು ಮುಗಿಯಲಿಲ್ಲ.

ಈ ವರ್ಷ ಹೊಸ ನಿಯಮ ಬಂತು. ಕಂಪ್ಯೂಟರ್ ಮೇಷ್ಟ್ರು ಗೇಟಿನ ಕಾವಲುಗಾರನಿಗೆ ಹೇಳುತ್ತಿದ್ದದ್ದು ಒರೆಸುತ್ತಿದ್ದ ಆಯಾಳ ಕಿವಿಗೂ ಬಿತ್ತು.

"ಶಾಲೇಲಿ ಏನೇನಿದೆ ಅಂತ ಇನ್ಮೇಲೆ ವೆಬ್‌ಸೈಟಲ್ಲಿ ಹಾಕಲೇಬೇಕು. ಕಕ್ಕಸು, ಕುಡಿಯೋ ನೀರು, ಬೆಂಕಿ ಆರಿಸೋ ಸಿಲಿಂಡರು, ಟೀಚರುಗಳ ಓದು, ನಡೆಯೋಕಾಗದ ಮಕ್ಕಳ ಸೌಲಭ್ಯ, ಎಲ್ಲಾ. ಫೋಟೋ ಸಮೇತ. ಇಲ್ಲಾಂದ್ರೆ ಮಾನ್ಯತೆ ಹೋಗುತ್ತೆ."

"ಇಲ್ಲದೇ ಇರೋದನ್ನ ಏನು ಹಾಕ್ತೀರಿ ಮೇಷ್ಟ್ರೇ?" ಎಂದ ಕಾವಲುಗಾರ.

"ಫೋಟೋ ತೆಗೆಯೋ ಹೊತ್ತಿಗೆ ಇದ್ರೆ ಸಾಕಪ್ಪಾ."

ಆ ವಾರವೆಲ್ಲ ಶಾಲೆಗೆ ಸಾಮಾನು ಬಂದವು, ಹೋದವು. ಬೆಂಕಿ ಆರಿಸುವ ಸಿಲಿಂಡರುಗಳು ಬಂದವು, ಗೋಡೆಗೆ ತೂಗಿದವು, ಫೋಟೋ ಆಯಿತು, ಅಂಗಡಿಗೆ ಹೋದವು. ಪುಸ್ತಕದ ಅಂಗಡಿಯಿಂದ ಪುಸ್ತಕ ಬಂದು ಗ್ರಂಥಾಲಯವಾಯಿತು, ಸಂಜೆಗೆ ಮತ್ತೆ ಅಂಗಡಿಯಾಯಿತು. ಹಳೇ ಬೆಂಚು ತುಂಬಿಟ್ಟಿದ್ದ ಮೂಲೆಯ ಕಕ್ಕಸಿನ ಬಾಗಿಲಿಗೆ ಗಾಲಿಕುರ್ಚಿಯ ಚಿತ್ರ ಅಂಟಿಸಿದರು. ಚಿತ್ರದ ಫೋಟೋ ತೆಗೆದರು. ಬೆಂಚು ಒಳಗೇ ಇದ್ದವು, ಬೀಗ ಹೊರಗೇ ಇತ್ತು. ಆಯಾಳಿಗೂ ಕೈಗವಸು ತೊಡಿಸಿದರು. "ಮುಖ ಬೇಡ, ಕೈ ಸಾಕು" ಎಂದರು ಮೇಷ್ಟ್ರು. ಕೈಯ ಫೋಟೋ ಆಯಿತು. ಕೈಗವಸು ವಾಪಸು ಇಸಿದುಕೊಂಡರು. ಅವಳು ಆ ಕೈಗಳಿಂದಲೇ ಮತ್ತೆ ಆಸಿಡ್ಡು ಹಿಡಿದಳು.

ಆಮೇಲೆ ದೊಡ್ಡ ಮೇಡಂ ಅವಳನ್ನು ಮೆತ್ತಗೆ ಕರೆದರು.

"ನಿನ್ನ ಮಗಳನ್ನ ಕರ್ಕೊಂಡು ಬಾ. ಒಂದು ಫೋಟೋ. ಅಷ್ಟೇ."

ಅಷ್ಟೇ ಎಂಬ ಮಾತು ಅವಳ ಕಿವಿಗೆ ಬೀಳಲಿಲ್ಲ. ಕರ್ಕೊಂಡು ಬಾ ಅನ್ನುವುದಷ್ಟೇ ಕೇಳಿಸಿತು. ಮನೆಗೆ ಓಡಿದಳು. ಹುಡುಗಿಯ ತಲೆ ಬಾಚಿದಳು, ಮುಖ ತೊಳೆದಳು, ಎತ್ತಿಕೊಂಡು ಓಡಿ ಬಂದಳು. ಮಗಳು ಸಮವಸ್ತ್ರದಲ್ಲಿ ಕುರ್ಚಿಯ ಮೇಲೆ ಕೂತು ನಗುವುದನ್ನು ಕಂಬದ ಮರೆಯಿಂದ ನೋಡಿದಳು. ಬಟ್ಟೆ ಬಿಚ್ಚಿಸುವಾಗ ಹುಡುಗಿ, "ನಾಳೆ ಕೊಡ್ತಾರಾ?" ಎಂದಳು. ಬಟ್ಟೆ ಮತ್ತೆ ಕಪಾಟು ಸೇರಿತು.

ವೆಬ್‌ಸೈಟಿಗೆ ಹಾಕಿದ ಆ ಫೋಟೋವನ್ನು ಕಾವಲುಗಾರ ತನ್ನ ಫೋನಿನಲ್ಲಿ ತೋರಿಸಿದಾಗ ಹುಡುಗಿಯೇ ಅಜ್ಜಿಗೆ ಓದಿ ಹೇಳಿದಳು. "ನಡೆಯಲಾಗದ ಮಕ್ಕಳಿಗೆ ಸಕಲ ಸೌಲಭ್ಯ. ಚಿತ್ರದಲ್ಲಿ ನಾಲ್ಕನೆಯ ತರಗತಿಯ ವಿದ್ಯಾರ್ಥಿನಿ." ಓದಿ ತಲೆಯೆತ್ತಿದಳು. "ಅಜ್ಜೀ, ನಾನು ನಾಲ್ಕನೇ ಕ್ಲಾಸಂತೆ!"

ಅಂದಿನಿಂದ ಬೆಳಗಾದರೆ ಹುಡುಗಿ ತಲೆ ಬಾಚಿಸಿಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರತೊಡಗಿದಳು. ತಾಯಿ ಹೊರಟರೆ ಕೈ ಚಾಚುತ್ತಿದ್ದಳು. ಆಯಾ ಆ ಕೈಗಳನ್ನು ಬಿಡಿಸಿಕೊಂಡು ಹೋಗುತ್ತಿದ್ದಳು. ಆಸಿಡ್ಡಿಗಿಂತ ಅದು ಹೆಚ್ಚು ಸುಡುತ್ತಿತ್ತು.

ಒಂದು ದಿನ ದೊಡ್ಡ ಮೇಡಂ ಮತ್ತೆ ಕರೆದರು. ಈ ಸಲ ಬಾಗಿಲು ಮುಚ್ಚಿಕೊಂಡರು. ವೆಬ್‌ಸೈಟಿನಲ್ಲಿ ಹಾಕಿದ್ದು ನಿಜವೋ ಅಲ್ಲವೋ ನೋಡಲು ತಪಾಸಣೆಯವರು ನಾಳೆ ಬರುತ್ತಾರೆ. ಹುಡುಗಿ ನಾಲ್ಕನೆಯ ತರಗತಿಯಲ್ಲಿ ಕೂತಿರಬೇಕು. ಅವರು ಹೋದ ಮೇಲೆ ವಾಪಸು.

"ನೀನು ಅವಳ ತಾಯಿ ಅಂತ ಗೊತ್ತಾಗ್ಬಾರ್ದು. ಅವಳು ನಿನ್ನ ಅವ್ವಾ ಅಂತ ಕರೀಬಾರ್ದು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ..." ದೊಡ್ಡ ಮೇಡಂ ನಕ್ಕರು. "ನಿನಗೆ ಬುದ್ಧಿ ಇದೆ. ಹೇಳಬೇಕಾ?"

ಹೇಳಬೇಕಾಗಿರಲಿಲ್ಲ.

ಮನೆಯಲ್ಲಿ ಅಜ್ಜಿ ಕಿಡಿಕಿಡಿಯಾದಳು. "ಮಗೂನ ಏನಂತ ತಿಳ್ಕೊಂಡಿದ್ದಾರೆ? ಬಾಡಿಗೆ ಸಿಲಿಂಡರಾ?"

"ಮೆಲ್ಲಗೆ ಮಾತಾಡು ಅತ್ತೆ. ಗೋಡೆ ತೆಳ್ಳಗಿದೆ."

"ನಿನ್ನ ಎದೆ ತೆಳ್ಳಗಿದೆ."

"ಹೂಂ, ತೆಳ್ಳಗಿದೆ. ಕೆಲಸ ಹೋದ್ರೆ ಶಾಲೆಯವರು ಕೊಟ್ಟಿರೋ ಈ ಕೋಣೆನೂ ಹೋಗುತ್ತೆ. ನಿನ್ನನ್ನ, ಇವಳನ್ನ, ಇಬ್ಬರನ್ನೂ ಎಲ್ಲಿಗಂತ ಹೊರಲಿ?"

ಅಜ್ಜಿ ಹುಡುಗಿಯನ್ನು ಹತ್ತಿರ ಎಳೆದುಕೊಂಡಳು. ಅದು ಅವಳಿಗೂ ಇದ್ದ ಭಯವೇ.

ಬೆಳಿಗ್ಗೆ ಹುಡುಗಿಗೆ ನೀರು ಕೊಡಲಿಲ್ಲ. ಅಲ್ಲಿ ಒಂದಕ್ಕೆ ಬಂದರೆ ಯಾರು ಎತ್ತಿಕೊಂಡು ಹೋಗಬೇಕು? ತಾಯಿ ಹೋಗುವ ಹಾಗಿಲ್ಲ. ಕಕ್ಕಸಿನಲ್ಲಿ ಬೆಂಚುಗಳಿವೆ. "ಒಂದು ಗುಟುಕು" ಎಂದಳು ದೊರೆಸಾನಿ. "ಬೇಡ ನನ್ನವ್ವ. ಸಂಜೆ ಒಂದು ತಂಬಿಗೆ ಕುಡಿಯೋವಂತೆ." ಹುಡುಗಿ ತುಟಿ ನೆಕ್ಕಿಕೊಂಡಳು. ಶಾಲೆಗೆ ಹೋಗಲು ಅವಳು ಏನು ಬೇಕಾದರೂ ಬಿಡಲು ತಯಾರಿದ್ದಳು.

ಆಫೀಸಿನಲ್ಲಿ ಮತ್ತೆ ಅದೇ ಸಮವಸ್ತ್ರ ತೊಡಿಸಿ, ಆಯಾ ಮಗಳನ್ನು ಹೊತ್ತು ಮೆಟ್ಟಿಲು ಹತ್ತಿದಳು. ಇಳಿಜಾರು ಆ ಕಡೆ ಬಿಸಿಲಿಗೆ ಹೊಳೆಯುತ್ತ ಬಿದ್ದಿತ್ತು. ಎರಡನೆಯ ಸಾಲಿನ ಬೆಂಚಿನಲ್ಲಿ ಕೂರಿಸಿ, ಬೀಳದ ಹಾಗೆ ಹಿಂದಕ್ಕೆ ಒರಗಿಸಿ, ಕಿವಿಯಲ್ಲಿ ಹೇಳಿದಳು. "ನನ್ನ ಕಡೆ ನೋಡ್ಬೇಡ. ನನ್ನ ಕರೀಬೇಡ. ಕೇಳಿದ್ದಕ್ಕಷ್ಟೇ ಹೇಳು."

"ಕರೆದ್ರೆ ಏನಾಗುತ್ತೆ?"

"ಕರೀಬೇಡ ಅಂದೆ."

ಪಕ್ಕದಲ್ಲಿ ಕೂತಿದ್ದ ಎರಡು ಜಡೆಯ ಹುಡುಗಿ ಮೊದಲು ಸ್ವಲ್ಪ ಸರಿದಳು, ಆಮೇಲೆ ಸರಿದದ್ದಕ್ಕೆ ತಾನೇ ನಾಚಿಕೊಂಡವಳ ಹಾಗೆ ಹತ್ತಿರ ಬಂದಳು. "ನೀನು ವೆಬ್‌ಸೈಟಿನವಳಾ?" ಎಂದಳು.

ತಪಾಸಣೆಯವರು ಇಬ್ಬರು. ಒಬ್ಬ ದಪ್ಪ ಕನ್ನಡಕದವನು, ಇನ್ನೊಬ್ಬಳು ಅವನ ಹಿಂದೆ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತ ಬರುವವಳು. ಜೊತೆಗೆ ದೊಡ್ಡ ಮೇಡಂ. ಸಿಲಿಂಡರು ಮತ್ತೆ ಗೋಡೆಗೆ ಬಂದಿದ್ದವು. ಆಯಾ ತರಗತಿಯ ಹೊರಗಿನ ಮೊಗಸಾಲೆಯಲ್ಲಿ ಒರೆಸುವ ಕೋಲು ಹಿಡಿದು ನಿಂತಿದ್ದಳು. ಒಂದೇ ಜಾಗವನ್ನು ಒರೆಸಿದಳು, ಒರೆಸಿದಳು, ಒರೆಸಿದಳು. ಕಿವಿ ಮಾತ್ರ ಒಳಗಿತ್ತು.

"ಇವಳೇ ಅಲ್ವಾ ಫೋಟೋದವಳು?" ಎಂದ ಕನ್ನಡಕದವನು. "ಏನಮ್ಮಾ, ಎಷ್ಟನೇ ಕ್ಲಾಸು?"

"ನಾಲ್ಕನೇ ಕ್ಲಾಸು." ದೊರೆಸಾನಿಯ ದನಿ ಗಟ್ಟಿಯಾಗಿತ್ತು. ಅವಳ ಪಾಲಿಗೆ ಅದು ಸುಳ್ಳಲ್ಲ. ಓದಿದ್ದಳಲ್ಲ.

"ಎಲ್ಲಿ, ಏನಾದ್ರೂ ಬರೆದು ತೋರಿಸು."

ಹುಡುಗಿ ಬಗ್ಗಿ ಬರೆದಳು. ಬೆಂಚಿನ ಮೇಲೆ ಪೆನ್ನು ಕರಕರ ಅನ್ನುವುದು ಮೊಗಸಾಲೆಗೂ ಕೇಳಿಸಿತು. ಬರೆದು ಮುಗಿಸಿ, ಪಕ್ಕದವಳ ಡಬ್ಬಿಯಿಂದ ಕೆಂಪು ಪೆನ್ನು ತೆಗೆದುಕೊಂಡು ಕೆಳಗೆ ದೊಡ್ಡದಾಗಿ ಸರಿ ಗುರುತು ಎಳೆದಳು. ಸಹಿಯನ್ನೂ ಗೀಚಿದಳು. ಮಕ್ಕಳು ಕಿಸಕ್ಕನೆ ನಕ್ಕರು.

ಕನ್ನಡಕದವನಿಗೂ ನಗು ಬಂತು. "ಟೀಚರು ಹಾಕೋದನ್ನ ನೀನೇ ಹಾಕ್ತೀಯಲ್ಲ?"

"ನನಗೆ ಟೀಚರು ಇಲ್ವಲ್ಲ," ಎಂದಳು ದೊರೆಸಾನಿ. "ಮನೇಲಿ ನಾನೇ ಹಾಕ್ಕೊಳ್ಳೋದು."

ಆಯಾಳ ಕೈಯಿಂದ ಕೋಲು ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಎಲ್ಲರೂ ತಿರುಗಿದರು. ದೊಡ್ಡ ಮೇಡಂ ಕೂಡ ನೋಡಿದರು. ಮುಗಿಯಿತು ಎಂದುಕೊಂಡಳು ಅವಳು. ಮುಗಿಯಿತು, ಬಕೆಟ್ಟು ಹೋಯಿತು, ಕೋಣೆ ಹೋಯಿತು. ಹಾಗೆ ಅಂದುಕೊಳ್ಳುತ್ತಿರುವಾಗಲೇ ಇನ್ನೊಂದು ಆಸೆಯೂ ಎದ್ದಿತು. ಈಗ ಈ ಮನುಷ್ಯ ಕೇಳುತ್ತಾನೆ. ಟೀಚರು ಯಾಕಿಲ್ಲ ಅಂತ ಒಂದೇ ಒಂದು ಮಾತು ಕೇಳಿದರೆ ಸಾಕು.

ಕನ್ನಡಕದವನು ಹುಡುಗಿಯ ಮುಖ ನೋಡಿದ. ಅವಳ ಒಣಗಿದ ತುಟಿ ನೋಡಿದ. ಬೆಂಚಿನಡಿ ಜೋತ ಕಾಲು ನೋಡಿದ. ಅವನಿಗೆ ತಿಳಿಯಿತು. ತಿಳಿದದ್ದು ಮೊಗಸಾಲೆಯಲ್ಲಿ ನಿಂತವಳಿಗೂ ಕಂಡಿತು.

"ತುಂಬಾ ಚೂಟಿ ಇದ್ದಾಳೆ, ತಮಾಷೆ ಮಾಡ್ತಾಳೆ," ಎಂದರು ದೊಡ್ಡ ಮೇಡಂ. ಮೆತ್ತಗೆ ನಕ್ಕರು.

"ಹೌದೌದು," ಎಂದ ಅವನು. ಅವನೂ ನಕ್ಕ. ಹಿಂದಿನವಳು ಗುರುತು ಹಾಕಿಕೊಂಡಳು. ಅವರು ಇಳಿಜಾರನ್ನು ದೂರದಿಂದ ನೋಡಿದರು, ಕಕ್ಕಸಿನ ಬಾಗಿಲ ಮೇಲಿನ ಚಿತ್ರ ನೋಡಿದರು, ಆಫೀಸಿನಲ್ಲಿ ಚಹಾ ಕುಡಿದು ಕಾರು ಹತ್ತಿದರು. ಕುರ್ಚಿಯ ಚಿತ್ರವಿದ್ದ ಬಾಗಿಲ ಬೀಗ ತೆಗೆಯಿರಿ ಎಂದು ಒಬ್ಬರೂ ಹೇಳಲಿಲ್ಲ.

ಕಾರು ಗೇಟು ದಾಟಿದ ಕೂಡಲೇ ದೊಡ್ಡ ಮೇಡಂ ತರಗತಿಗೆ ಬಂದರು. ಹಿಂದೆಯೇ ಕಂಪ್ಯೂಟರ್ ಮೇಷ್ಟ್ರು.

"ಆಯಿತು. ಎತ್ಕೊಂಡು ಹೋಗು. ಬಟ್ಟೆ ಆಫೀಸಲ್ಲಿ ಬಿಚ್ಚಿಡು."

ಆಯಾ ಒಳಗೆ ಬಂದಳು. ದೊರೆಸಾನಿ ಅವಳನ್ನು ನೋಡಿ ಅಭ್ಯಾಸದಿಂದ ಕೈ ಚಾಚಬೇಕಿತ್ತು. ಚಾಚಲಿಲ್ಲ. ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದುಕೊಂಡಿದ್ದಳು. ಬೆರಳ ಗಿಣ್ಣು ಬಿಳಿಚಿದ್ದವು.

ಆಯಾ ಬಗ್ಗಿದಳು. ಸೊಂಟ ತಾನಾಗಿಯೇ ಎಡಕ್ಕೆ ವಾಲಿತು. ಇಷ್ಟು ವರ್ಷ ಎತ್ತಿದ ಮೈ, ಹೇಳದೆಯೇ ಎತ್ತಲು ಹೊರಟಿತು. ಅವಳು ಅದನ್ನು ತಡೆದಳು. ನೆಟ್ಟಗೆ ನಿಂತಳು.

"ನಾನು ಎತ್ತಲ್ಲ."

ದನಿ ಎಷ್ಟು ಸಣ್ಣದಾಗಿತ್ತೆಂದರೆ ದೊಡ್ಡ ಮೇಡಂಗೆ ಕೇಳಿಸಲಿಲ್ಲ. "ಏನು?"

"ಎತ್ತಲ್ಲ ಮೇಡಂ. ಕ್ಲಾಸು ಇನ್ನೂ ಬಿಟ್ಟಿಲ್ಲ."

"ತಲೆ ಕೆಟ್ಟಿದೆಯಾ? ಮಕ್ಕಳ ಮುಂದೆ ನಾಟಕ ಬೇಡ. ಎತ್ತು."

"ನೀವೇ ಎತ್ತಿ."

ದೊಡ್ಡ ಮೇಡಂ ಹುಡುಗಿಯ ಕಡೆ ನೋಡಿದರು. ಕಕ್ಕಸು ತೊಳೆಯುವವಳ ಮಗಳು. ಅವರ ಕೈ ಎದೆಯ ಮೇಲೆಯೇ ಕಟ್ಟಿಕೊಂಡಿತ್ತು. ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರಿಗೆ ಫೋನಿನಲ್ಲಿ ತುರ್ತಾಗಿ ಏನೋ ಬಂದುಬಿಟ್ಟಿತ್ತು. ಕಾವಲುಗಾರನನ್ನು ಕರೆಸಿದರು. ಅವನು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ, ಕೈಯನ್ನು ಬೆನ್ನಿಗಿಟ್ಟುಕೊಂಡ.

"ಸೊಂಟ ಹಿಡ್ಕೊಂಡಿದೆ ಮೇಡಂ. ಒಂದು ಕಡ್ಡಿ ಎತ್ತೋಕಾಗ್ತಿಲ್ಲ."

"ಬೆಳಿಗ್ಗೆ ಸಿಲಿಂಡರು ಎತ್ತಿದ್ಯಲ್ಲ?"

"ಆಗಲೇ ಹಿಡ್ಕೊಂಡಿದ್ದು," ಎಂದು ಅವನು ಮುಖ ಹುಳ್ಳಗೆ ಮಾಡಿದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ದೊಡ್ಡ ಮೇಡಂ ಅವಳ ಹತ್ತಿರ ಬಂದರು. ಅದೇ ಮೆತ್ತನೆಯ ದನಿ. "ಕೆಲಸ ಬೇಕಾ, ಬೇಡವಾ?"

"ಬೇಕು." ಬಿದ್ದುಬಿಡುತ್ತೇನೇನೋ ಎಂದು ಅವಳೂ ಬೆಂಚಿನ ಅಂಚು ಹಿಡಿದುಕೊಂಡಳು. "ಬೇಕು ಮೇಡಂ. ಕೈಕಾಲು ನಡುಗ್ತಿದೆ ನೋಡಿ. ಆದ್ರೂ ಎತ್ತಲ್ಲ. ಸೌಲಭ್ಯ ಇಲ್ಲ ಅಂತ ಆಚೆ ನಿಲ್ಲಿಸಿದ್ರಿ. ಈಗ ಇದೆ ಅಂತ ಲೋಕಕ್ಕೆಲ್ಲ ಹೇಳಿದ್ದೀರಿ. ಇವಳು ಇಲ್ಲಿ ಓದ್ತಾಳೆ ಅಂತ ಹೇಳಿದ್ದೀರಿ. ಬಂದವರೂ ಹೌದು ಅಂತ ಗುರುತು ಹಾಕ್ಕೊಂಡು ಹೋದ್ರು. ಓದ್ತಿರೋ ಮಗೂನ ನಾನ್ಯಾಕೆ ಎತ್ಕೊಂಡು ಹೋಗಲಿ?"

"ಈಗಲೇ ನಿನ್ನ..."

"ಮೇಷ್ಟ್ರಿಗೆ ಹೇಳಿ ಆ ಫೋಟೋ ತೆಗೆಸಿ. ತೆಗೆದ ಕೂಡಲೇ ಎತ್ತುತ್ತೀನಿ."

ಮೇಷ್ಟ್ರು ಫೋನಿನಿಂದ ತಲೆಯೆತ್ತಿದರು. ದೊಡ್ಡ ಮೇಡಂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ತಲೆ ಅಲ್ಲಾಡಿಸಿದರು. ಇವತ್ತು ತಪಾಸಣೆಯಾದದ್ದನ್ನು ಇವತ್ತೇ ಹೇಗೆ ತೆಗೆಯುವುದು?

ದೊಡ್ಡ ಮೇಡಂ ಬಾಗಿಲ ಕಡೆ ತಿರುಗಿದರು. "ಸಂಜೆ ನನ್ನ ಕೋಣೆಗೆ ಬಾ," ಎಂದರು. ಮೊದಲ ಸಲ ಆ ದನಿ ಮೆತ್ತಗಿರಲಿಲ್ಲ. ಬಾಗಿಲು ಗೋಡೆಗೆ ಬಡಿದು ಹೋದರು. ಮೇಷ್ಟ್ರು ಹಿಂದೆಯೇ ಹೋದರು.

ಸಂಜೆ ಅಂದರೆ ಏನೆಂದು ಆಯಾಳಿಗೆ ಗೊತ್ತಿತ್ತು. ಬಕೆಟ್ಟು ಇನ್ನೊಬ್ಬಳ ಕೈಗೆ ಹೋಗಬಹುದು. ಹೋಗದೆಯೂ ಇರಬಹುದು, ಹುಡುಗಿಯನ್ನು ಹೊರಗೆ ಹಾಕಿದರೆ ತಾಯಿ ಯಾರ ಯಾರ ಮುಂದೆ ಬಾಯಿಬಿಡುತ್ತಾಳೋ ಎಂಬ ಹೆದರಿಕೆ ಆ ಕಡೆಯೂ ಹುಟ್ಟಿತ್ತು. ಇಷ್ಟು ದಿನ ಹೆದರಿಕೆ ಇದ್ದದ್ದು ಇವಳ ಕಡೆ ಮಾತ್ರ. ಆದರೆ ಇವಳ ಪಾಲಿನದು ಕಮ್ಮಿಯಾಗಲಿಲ್ಲ.

ಇಷ್ಟು ಹೊತ್ತೂ ಮೂಲೆಯಲ್ಲಿ ನಿಂತಿದ್ದ ತರಗತಿಯ ಟೀಚರು, ಇನ್ನೂ ಎಳೆಯ ಹುಡುಗಿ, ಕಪ್ಪುಹಲಗೆಯ ಕಡೆ ತಿರುಗಿ ಬಳಪ ಹಿಡಿದಳು. ಆಮೇಲೆ ಬರೆಯತೊಡಗಿದಳು. ಮಕ್ಕಳು ನೋಡಿ ಬರೆಯತೊಡಗಿದರು. ದೊರೆಸಾನಿಯೂ ಬೆಂಚಿನ ಅಂಚು ಬಿಟ್ಟು ಪೆನ್ನು ಹಿಡಿದಳು. ಬರೆಯುತ್ತ ಬರೆಯುತ್ತ ಒಣಗಿದ ಗಂಟಲಿಗೆ ಕೆಮ್ಮು ಬಂತು. ಎರಡು ಜಡೆಯವಳು ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಮುಂದೆ ಇಟ್ಟಳು.

ದೊರೆಸಾನಿ ಬಾಟಲಿ ನೋಡಿದಳು. ಬಾಗಿಲ ಕಡೆ ಹೊರಟಿದ್ದ ತಾಯಿಯನ್ನು ನೋಡಿದಳು.

"ಕುಡೀಲಾ ಅವ್ವಾ?"

ಗಟ್ಟಿಯಾಗಿಯೇ ಕೇಳಿದಳು. ಇಡೀ ತರಗತಿಗೆ ಕೇಳಿಸಿತು.

"ಕುಡಿ," ಎಂದಳು ಆಯಾ. "ಪೂರ್ತಿ ಕುಡಿ."

ಗುಟುಕು ಗುಟುಕಾಗಿ ನೀರು ಇಳಿಯುವ ಸದ್ದು ಕೇಳುತ್ತ ಅವಳು ಮೊಗಸಾಲೆಗೆ ಬಂದಳು. ಕೋಲು ಎತ್ತಿಕೊಂಡಳು. ಇನ್ನು ಹೊತ್ತಿಲ್ಲ, ನೀರು ಕುಡಿದವಳಿಗೆ ಒಂದಕ್ಕೆ ಬರುತ್ತದೆ. ಮೂಲೆಯ ಕಕ್ಕಸಿನ ಬೀಗಕ್ಕೆ ಕೋಲಿನ ಕಬ್ಬಿಣದ ತುದಿ ಸಿಕ್ಕಿಸಿ ಮೈಯ ಭಾರವನ್ನೆಲ್ಲ ಹಾಕಿದಳು. ಆಫೀಸಿನ ಕಡೆಯಿಂದ ಹೆಜ್ಜೆಯ ಸದ್ದು ಬರುತ್ತಿತ್ತು. ಯಾರೆಂದು ತಿರುಗಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಕೊಂಡಿ ಕಿತ್ತು ಬಂತು. ಅವಳು ಒಳಗೆ ಕೈ ಹಾಕಿ ಮೊದಲನೆಯ ಬೆಂಚನ್ನು ಎಳೆದಳು.